ಕೆಂಪು ಟವೆಲ್ ದಿಗ್ವಿಜಯ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತೆಂಟು ನಿಮಿಷ. ಸ್ವೀಡನ್ ದೇಶದ ಉಮಿಯೊ ಊರಿನ ಒಂದು ವಿದ್ಯಾರ್ಥಿ ವಸತಿಯ ನೆಲಮಾಳಿಗೆಯಲ್ಲಿ, ಎರಡನೇ ನಂಬರಿನ ವಾಷಿಂಗ್ ಮಷಿನ್ ಮೇಲೆ ಹಾಸಿದ್ದ ಕೆಂಪು ಚೌಕಳಿ ಟವೆಲ್ ಕಾಣೆಯಾಗಿತ್ತು.

ವಾಗ್ದೇವಿ, ಕಥೆ ಹೇಳುವವನ ನಾಲಗೆಗೆ ಬಾ. ಬರುವಾಗ ಕೈಗಡಿಯಾರ ಕಟ್ಟಿಕೊಂಡು ಬಾ, ಏಕೆಂದರೆ ಈ ಸಮರದಲ್ಲಿ ನಿಮಿಷದ ಲೆಕ್ಕ ತಪ್ಪಿದರೆ ಧರ್ಮಾಧರ್ಮಗಳ ಲೆಕ್ಕವೂ ತಪ್ಪುತ್ತದೆ. ರಥಗಳು ಅಳಿದು ಬಸ್ಸುಗಳು ಮೆರೆದ, ಬಸ್ಸಿನಿಂದಿಳಿದ ತರುಣರು ವಿಮಾನವೇರಿ ಪದವಿಯ ಮೇಲೊಂದು ಪದವಿಯನ್ನರಸುತ್ತ ಉತ್ತರ ದಿಕ್ಕಿಗೆ ದಂಡೆತ್ತಿ ಹೋದ, ವಿಮಾನ ನಿಲ್ದಾಣದಲ್ಲಿ ವೀರರ ಕೈಯಿಂದ ಕತ್ತರಿಯನ್ನು ಕಿತ್ತುಕೊಂಡು ಅಗಸೆ ಚಟ್ನಿಪುಡಿಯನ್ನು ಮಾತ್ರ ಒಳಗೆ ಬಿಟ್ಟ ಈ ಕಲಿಯುಗದಲ್ಲಿ, ಆ ಶೀತಲ ಭೂಮಿಯಲ್ಲಿ ನಡೆದ ಮಹಾಕಾಳಗವನ್ನು ಹಾಡು. ಅದನ್ನು ಹಿಮಕರಡಿಗಳ ನಾಡೆಂದು ವರ್ಣಿಸುವುದು ಪದ್ಧತಿ. ಅಲ್ಲಿ ಹಿಮಕರಡಿಗಳಿಲ್ಲ. ಆ ಬೆಳಿಗ್ಗೆ ಹೊರಗಿನ ಉಷ್ಣಾಂಶ ಎರಡು ಡಿಗ್ರಿ. ಹಿಮ ಇನ್ನೂ ಬಿದ್ದಿರಲಿಲ್ಲ.

ಆಗ ನೆಲಮಾಳಿಗೆಯ ಬಾಗಿಲಲ್ಲಿ ಕಾಣಿಸಿಕೊಂಡನು ಬ್ಯಾಡಗೀಪುರಪ್ರದೀಪ, ಮೆಣಸಿನಕಾಯಿಘಾಟುಸಹಿಷ್ಣು, ಹಾವೇರಿಮಾರ್ಗಸಾರಿಗೆಬಸ್ಸಾಸನವಿಜಯಿ, ವಾತಾಯನವಸ್ತ್ರಪ್ರಕ್ಷೇಪಣವಿಶಾರದ ಮೃತ್ಯುಂಜಯ ಸಂಕನಗೌಡ್ರ. ವಯಸ್ಸು ಇಪ್ಪತ್ತಮೂರು, ಮಣ್ಣು ವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿ, ಕೋಣೆ ನಂಬರ್ 307. ಸೊಂಟದಲ್ಲಿ ನೀಲಿ ಲುಂಗಿ, ಅದರ ಮೇಲೆ ಮೈನಸ್ ಇಪ್ಪತ್ತು ಡಿಗ್ರಿಯ ಚಳಿಗೆಂದು ತಯಾರಾದ ಕಪ್ಪು ಜಾಕೆಟ್. ಜಾಕೆಟ್ಟಿನ ಒಳಗೆ ಏನೂ ಇರಲಿಲ್ಲ. ಇದು ವೀರವೇಷವಲ್ಲ, ಅನಿವಾರ್ಯ. ಅವನ ಉಳಿದ ವಸ್ತ್ರಸಂಪತ್ತೆಲ್ಲ, ಅಂದರೆ ಹನ್ನೊಂದು ಅಂಗಿ, ನಾಲ್ಕು ಪ್ಯಾಂಟು ಮತ್ತು ಇಲ್ಲಿ ಹೆಸರಿಸಬೇಕಾಗಿಲ್ಲದ ಇಪ್ಪತ್ತೆರಡು ಚಿಕ್ಕ ವಸ್ತ್ರಗಳು, ಅವನ ಹೆಗಲ ಮೇಲಿನ ಗಂಟಿನಲ್ಲಿದ್ದವು. ಇಪ್ಪತ್ತೇಳು ದಿನಗಳಿಂದ ಅವು ನೀರು ಕಂಡಿರಲಿಲ್ಲ.

ಗಂಟಿನ ತುದಿಯಲ್ಲಿ ಒಂದು ಬಿಳಿ ಅಂಗಿಯಿತ್ತು. ಅದರ ಎದೆಯ ಮೇಲೆ ಸಾರಿನ ಕಲೆ. ಮರುದಿನ ಸೋಮವಾರ ಒಂಬತ್ತು ಗಂಟೆಗೆ ಆ ಅಂಗಿ ತೊಟ್ಟು ಅವನು ಹತ್ತೊಂಬತ್ತು ಸಹಪಾಠಿಗಳ ಮುಂದೆ ಜೌಗು ಮಣ್ಣಿನ ಬಗ್ಗೆ ಮಾತಾಡಬೇಕಿತ್ತು. ಆ ಹತ್ತೊಂಬತ್ತರಲ್ಲಿ ಒಬ್ಬರೂ ಗುರುವಾರದಿಂದ ಅವನ ಎಡಗಡೆಯ ಕುರ್ಚಿಯಲ್ಲಿ ಕೂತಿರಲಿಲ್ಲ, ಬಲಗಡೆಯದರಲ್ಲೂ ಕೂತಿರಲಿಲ್ಲ. ಮೃತ್ಯುಂಜಯನು ಅಂದಿನಿಂದ ತನ್ನ ಕಂಕುಳನ್ನು ಗುಟ್ಟಾಗಿ ಮೂಸಿ ನೋಡಿಕೊಳ್ಳುತ್ತಿದ್ದನು. ಒಗೆದ ಅಂಗಿಯಿಲ್ಲದೆ ಸೋಮವಾರವನ್ನು ಎದುರಿಸುವುದು ಅವನಿಗೆ ಸಾಧ್ಯವಿರಲಿಲ್ಲ. ಈ ಸಮರದ ಕಾರಣವೆಲ್ಲ ಅಷ್ಟೆ.

ಇನ್ನು ಟವೆಲ್ಲಿನ ಶಾಸ್ತ್ರ.

ಬ್ಯಾಡಗಿಯಿಂದ ಹಾವೇರಿಗೆ ನಾಲ್ಕು ವರ್ಷ ಬಸ್ಸಿನಲ್ಲಿ ಕಾಲೇಜಿಗೆ ಹೋದ ಈ ವೀರನು ಒಂದು ಮಹಾನ್ಯಾಯವನ್ನು ಕರಗತ ಮಾಡಿಕೊಂಡಿದ್ದನು. ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವ ಮೊದಲೇ, ಬಾಗಿಲಲ್ಲಿ ನಲವತ್ತು ಜನ ಒಬ್ಬರ ಮೇಲೊಬ್ಬರು ಬೀಳುತ್ತಿರುವಾಗಲೇ, ಹೊರಗಿನಿಂದ ಕಿಟಕಿಯೊಳಗೆ ಟವೆಲ್ ಎಸೆಯಬೇಕು. ಟವೆಲ್ ಬಿದ್ದ ಸೀಟು ಎಸೆದವನದು. ಅದನ್ನು ಸರಿಸಿ ಕೂರುವ ಎದೆಗಾರಿಕೆ ಹೆಂಗಸರಿಗಿಲ್ಲ, ಗಂಡಸರಿಗಿಲ್ಲ, ಪೊಲೀಸರಿಗೂ ಇಲ್ಲ. ಒದ್ದಾಟ ನಡೆಯುತ್ತದೆ, ಬೈದಾಟ ನಡೆಯುತ್ತದೆ. ಟವೆಲ್ ಮಾತ್ರ ಸಿಂಹಾಸನದ ಮೇಲಿನ ಪಾದುಕೆಯಂತೆ ನಿಶ್ಚಲವಾಗಿರುತ್ತದೆ. ಮೃತ್ಯುಂಜಯನ ಟವೆಲ್ ಏಳು ಅಡಿ ದೂರದಿಂದ ಗುರಿ ತಪ್ಪಿದ್ದಿಲ್ಲ. ಹತ್ತು ಅಡಿ ಎಂದು ಅವನು ಹೇಳಿಕೊಳ್ಳುತ್ತಿದ್ದನು.

ಆದ್ದರಿಂದ ಸೆಪ್ಟೆಂಬರಿನ ಕೊನೆಯಲ್ಲಿ ಮೊದಲ ಸಲ ಬಟ್ಟೆಯ ಗಂಟು ಹೊತ್ತು ಈ ನೆಲಮಾಳಿಗೆಗೆ ಇಳಿದಾಗ, ಎರಡು ಯಂತ್ರಗಳೂ ಗಿರಗಿರನೆ ತಿರುಗುತ್ತಿದ್ದುದನ್ನು ಕಂಡು ಅವನು ಧೃತಿಗೆಡಲಿಲ್ಲ. ಎರಡನೆಯದರ ನೆತ್ತಿಯ ಮೇಲೆ ಟವೆಲ್ ಹಾಸಿ, ಮುಂದಿನ ಪಾಳಿ ತನ್ನದೆಂದು ಜಗತ್ತಿಗೆ ಸಾರಿ, ಚಹಾ ಕುಡಿಯಲು ಮೇಲೆ ಹೋದನು. ಮರಳಿ ಬಂದಾಗ ಟವೆಲ್ ಇರಲಿಲ್ಲ. ಯಂತ್ರದೊಳಗೆ ಯಾರದೋ ಹಾಸಿಗೆ ಹೊದಿಕೆ ತಿರುಗುತ್ತಿತ್ತು. ಮರುವಾರ ಎರಡನೆಯ ಟವೆಲ್. ಅದರ ಮರುವಾರ ಮೂರನೆಯದು. ತಾಯಿ ಗುರುಬಸವ್ವ ಬ್ಯಾಡಗಿಯ ಸಂತೆಯಿಂದ ತಂದು ಕೊಟ್ಟಿದ್ದ ಆರು ಕೆಂಪು ಚೌಕಳಿ ಟವೆಲ್‌ಗಳಲ್ಲಿ ಮೂರು ಹೀಗೆ ಪರದೇಶದಲ್ಲಿ ಕಾಣೆಯಾದವು. ಇಂದಿನದು ನಾಲ್ಕನೆಯದು.

ಅದೇ ದಿನ ಎಂಟೂವರೆಗೆ ತಾಯಿಯ ಫೋನ್ ಬಂದಿತ್ತು.

"ಉಂಡೀಯೇನೋ?"

"ಇಲ್ಲಿ ಈಗ ಬೆಳಗಾಗೇತಿ ಬೇ. ಚಾ ಕುಡದೇನಿ."

"ಅರಬಿ ಒಗಕೊಂತೀಯೋ ಇಲ್ಲೋ? ಯಾಕೋ ಫೋಟೋದಾಗ ಒಂದs ಜಾಕೀಟ ಕಾಣಾಕತ್ತೇತಿ."

"ಇಲ್ಲಿ ಥಂಡಿ ಭಾಳ ಬೇ. ಒಗಕೊಂತೇನಿ. ಮಸೀನ್ ಅದಾವ."

"ಮಸೀನ್ಯಾಗ ಹಾಕಿದ್ರ ಆ ಕೆಂಪು ಟಾವೆಲ್ ಬ್ಯಾರೆ ಹಾಕಪಾ. ಬಣ್ಣಾ ಬಿಡತಾವ ಅವು."

"ಆತು ಬೇ, ಆತು."

ವೀರರು ತಾಯಂದಿರ ಮಾತಿಗೆ ಹೀಗೆ ತಲೆಯಾಡಿಸುವುದು ಮೊದಲ ಸಲವೇನಲ್ಲ.

ಈಗ ನೆಲಮಾಳಿಗೆಯಲ್ಲಿ, ಬೋಳು ಯಂತ್ರದ ಮುಂದೆ, ಅವನ ಕಣ್ಣುಗಳು ಕೆಂಪಾದವು, ತೋಳುಗಳು ಜಾಕೆಟ್ಟಿನೊಳಗೆ ಅದುರಿದವು. ಅವನು ಫೋನ್ ತೆಗೆದು, ಎರಡನೇ ಮಹಡಿಯಲ್ಲಿದ್ದ ಇರ್ಫಾನ್ ಕಿತ್ತೂರನನ್ನು ಸಾಕ್ಷಿಯಾಗಿ ಕರೆದನು. ಇರ್ಫಾನ್ ಧಾರವಾಡದವನು, ಒಂದು ವರ್ಷ ಮೊದಲೇ ಬಂದವನು, ಆ ದೇಶದ ನಡೆನುಡಿ ಬಲ್ಲವನು. ಚಹಾದ ಮಗ್ಗು ಹಿಡಿದು, ಸಾಕ್ಸಿನ ಕಾಲಲ್ಲೇ ಇಳಿದು ಬಂದನು.

"ಏನಲೇ, ಭಾನುವಾರ ಮುಂಜಾನೆ? ಮತ್ತ ಇದೇನಿದು, ಲುಂಗಿ ಮ್ಯಾಲೆ ಜಾಕೀಟು? ಅರ್ಧ ಬ್ಯಾಡಗಿ, ಅರ್ಧ ಉತ್ತರ ಧ್ರುವ?"

"ನನ್ನ ಟಾವೆಲ್ ಕದ್ದಾರ. ಇದು ನಾಕನೇದು. ಇವತ್ತ ಯಾವ ಮಗಾ ಬರ್ತಾನ ನೋಡೇಬಿಡತೇನಿ."

"ಟಾವೆಲ್ ಕದ್ದಾರ? ಸೈಕಲ್ ಬೀಗಾ ಹಾಕದ ಬಿಟ್ರೂ ಮುಟ್ಟಂಗಿಲ್ಲ ಈ ಮಂದಿ."

"ಸೈಕಲ್ ಬ್ಯಾರೆ, ಟಾವೆಲ್ ಬ್ಯಾರೆ! ನಾಲ್ಕು ವರ್ಷ ಹಾವೇರಿ ಬಸ್ಸಿನ್ಯಾಗ ಸೀಟು ಹಿಡದಾಂವ ನಾನು. ಕಂಡಕ್ಟರs ನನ್ನ ಟಾವೆಲ್ ಮುಟ್ಟಿದ್ದಿಲ್ಲ. ಇಲ್ಲಿ ಬಂದು ಒಂದು ಮಸೀನ್ ಹಿಡ್ಯಾಕ ಆಗವಲ್ದು ಅಂದ್ರ ನಾ ಯಾತಕ್ಕ ಬರಬೇಕಿತ್ತು? ಊರಿಗೆ ಹೋಗಿ ಮೆಣಸಿನಕಾಯಿ ವ್ಯಾಪಾರ ಮಾಡತೇನಿ."

ಕೊನೆಯ ಮಾತಿಗೆ ದನಿ ಸ್ವಲ್ಪ ನಡುಗಿತು. ಇರ್ಫಾನ್ ಅದನ್ನು ಗಮನಿಸಿದನು. ಚಹಾ ಒಂದು ಗುಟುಕು ಕುಡಿದನು.

"ಈ ವಿಷಯಾ ನನ್ನ ಮುಂದ ಮೊದಲs ಯಾಕ ಹೇಳಲಿಲ್ಲ?"

"ಅರಬಿ ಒಗ್ಯೂದನ್ನೂ ನಿನ್ನ ಕೇಳಿ ಕಲೀಬೇಕೇನ ನಾನು?"

ಗಡಿಯಾರ ಒಂಬತ್ತು ಐವತ್ತೆಂಟು ತೋರಿಸಿದಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ದಿಕ್ಕುಗಳು ಕಂಪಿಸಿದವು. ಅಥವಾ ಬಟ್ಟೆ ಒಣಗಿಸುವ ಬಿಸಿಗಾಳಿಯ ಕಪಾಟು ತಾನಾಗಿ ಚಾಲೂ ಆಯಿತು. ಎರಡಕ್ಕೂ ಸಪ್ಪಳ ಒಂದೇ. ಒಳಗೆ ಬಂದಳು ಶೀತಭೂಸಂಭವೆ, ಹಿಮಧವಲಕೇಶಿನಿ, ಮಿತಭಾಷಿಣಿ, ಕಾಲನಿಷ್ಠೆ, ಒಂದು ಕೈಯಲ್ಲಿ ಹಾಸಿಗೆ ಹೊದಿಕೆಗಳ ಬುಟ್ಟಿಯನ್ನೂ ಮತ್ತೊಂದರಲ್ಲಿ ಉದ್ದನೆಯ ಚೀಲವನ್ನೂ ಹಿಡಿದ ತೂವಾ ಲಿಂಡ್‌ಕ್ವಿಸ್ಟ್. ಗಣಿತದ ವಿದ್ಯಾರ್ಥಿನಿ, ಕೋಣೆ ನಂಬರ್ 214. ಎತ್ತರ ಐದು ಅಡಿ ಹನ್ನೊಂದು ಅಂಗುಲ, ಅಂದರೆ ಮೃತ್ಯುಂಜಯನಿಗಿಂತ ಐದು ಅಂಗುಲ ಹೆಚ್ಚು.

ಆಗ ಮೃತ್ಯುಂಜಯನು ಕಾಲೂರಿ ನಿಂತು, ಗಂಟನ್ನು ಗದೆಯಂತೆ ಹೆಗಲಿಗೇರಿಸಿ, ನೆಲಮಾಳಿಗೆಯ ಕೊಳವೆಗಳು ಪ್ರತಿಧ್ವನಿಸುವಂತೆ ಗರ್ಜಿಸಿದನು: "ಎಲೆಲೇ ಪರವಸ್ತ್ರಾಪಹಾರಿಣಿ! ಯಾರ ಟವೆಲ್ ಬಿದ್ದ ಆಸನವನ್ನು ಆನೆಬಲದವರೂ ಮುಟ್ಟಲಿಲ್ಲವೋ, ಯಾರ ಹೆಸರು ಕೇಳಿ ಹಾವೇರಿ ನಿಲ್ದಾಣದ ಗುಂಪು ಎರಡಾಗಿ ಸೀಳುತ್ತಿತ್ತೋ, ಅವನ ಚಿಹ್ನೆಯನ್ನು ನಾಲ್ಕು ಬಾರಿ ಕಿತ್ತೊಗೆದ ನೀನು ಇಂದು ಈ ಯಂತ್ರವನ್ನು ಮುಟ್ಟಿ ನೋಡು!"

ಹೀಗೆ ಗರ್ಜಿಸಬೇಕೆಂದು ಅವನು ಮೂರು ವಾರಗಳಿಂದ ಸ್ನಾನ ಮಾಡುವಾಗ ಅಭ್ಯಾಸ ಮಾಡಿದ್ದನು. ದಾಖಲೆಗಾಗಿ ಹೇಳುವುದಾದರೆ, ಅವನ ಬಾಯಿಂದ ಹೊರಟದ್ದು ಇಂಗ್ಲಿಷಿನಲ್ಲಿ ಎರಡು ಮಾತು: "ಹಲೋ. ಕ್ಷಮಿಸಿ, ಇಲ್ಲೊಂದು ಟವೆಲ್ ಇತ್ತು."

ತೂವಾ ಅವನನ್ನು ನೋಡಿದಳು, ಲುಂಗಿಯನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು.

"ಕೆಂಪು ಬಣ್ಣದ್ದಾ?" ಅವಳೂ ಇಂಗ್ಲಿಷಿನಲ್ಲೇ ಕೇಳಿದಳು.

"ಹೌದು."

"ಅದು ನಿನ್ನದಾ?" ಅವಳು ಬುಟ್ಟಿಯನ್ನು ನೆಲಕ್ಕಿಳಿಸಿ ಮೂಲೆಯ ಕಪಾಟು ತೆರೆದಳು. ಒಳಗೊಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಒಂಟಿ ಕಾಲುಚೀಲಗಳು ಹದಿನಾರು, ಒಂದು ಮಗುವಿನ ಟೋಪಿ, ಮತ್ತು ಇಸ್ತ್ರಿ ಮಾಡಿದಷ್ಟು ಅಚ್ಚುಕಟ್ಟಾಗಿ ಮಡಚಿದ ನಾಲ್ಕು ಕೆಂಪು ಚೌಕಳಿ ಟವೆಲ್‌ಗಳು. ಪ್ರತಿಯೊಂದಕ್ಕೂ ಒಂದು ಚೀಟಿ ಪಿನ್ನು ಮಾಡಿತ್ತು. ಚೀಟಿಯಲ್ಲಿ ಸಿಕ್ಕ ತಾರೀಖು ಮತ್ತು ಸಮಯ. ಕೊನೆಯ ಚೀಟಿಯಲ್ಲಿ ಅಂದಿನದೇ ತಾರೀಖು, 09:40.

"ಯಂತ್ರಗಳು ಖಾಲಿ ಆದವಾ ಎಂದು ನೋಡಲು ಬಂದಿದ್ದೆ. ಇದು ಬಿದ್ದಿತ್ತು," ಎಂದಳು. "ಪ್ರತಿ ಭಾನುವಾರ ಯಾರೋ ಒಂದು ಟವೆಲ್ ಮರೆತು ಹೋಗುತ್ತಾರೆ. ಯಾರಿಗೋ ಮರೆವಿನ ಕಾಯಿಲೆ ಇರಬೇಕು ಎಂದುಕೊಂಡೆ. ಮುಂದಿನ ವಾರವೂ ಸಿಕ್ಕಿದ್ದರೆ ವಸತಿ ಕಚೇರಿಗೆ ಬರೆಯಬೇಕು ಎಂದಿದ್ದೆ."

ವೈರಿಯು ಕದ್ದಿದ್ದರೆ ಕಾದಾಡಬಹುದಿತ್ತು. ಮಡಚಿ ಇಟ್ಟವಳ ಜೊತೆ ಯಾವ ಶಾಸ್ತ್ರದ ಪ್ರಕಾರ ಕಾದಾಡುವುದು? ಮೃತ್ಯುಂಜಯನ ಹೆಗಲಿನಿಂದ ಗಂಟು ಜಾರಿತು.

"ಮರೆತದ್ದಲ್ಲ. ಹಾಸಿದ್ದು. ಯಂತ್ರ ನನ್ನದು ಎಂದು ಹೇಳುವುದಕ್ಕೆ." ಮತ್ತು ಅವನು ಬಸ್ಸಿನ ಕಥೆಯನ್ನು ಹೇಳಿದನು: ನಿಲ್ದಾಣ, ನಲವತ್ತು ಜನ, ಕಿಟಕಿ, ಟವೆಲ್. ಇರ್ಫಾನ್ ಹಿಂದಿನಿಂದ ತಲೆದೂಗಿ ಸಾಕ್ಷಿ ಹೇಳಿದನು.

ತೂವಾ ಇದನ್ನು ಪ್ರಮೇಯವೊಂದನ್ನು ಕೇಳುವಂತೆ ಗಂಭೀರವಾಗಿ ಕೇಳಿದಳು. "ಬಸ್ಸಿನೊಳಗೆ ನೀನಿಲ್ಲ. ಟವೆಲ್ ಮಾತ್ರ ಇದೆ. ಆದರೂ ಯಾರೂ ಅದನ್ನು ತೆಗೆಯುವುದಿಲ್ಲ?"

"ಇಲ್ಲ."

"ಬೀಗ ಇಲ್ಲದೆ?"

"ಟವೆಲ್ಲಿಗೆ ಬೀಗ ಎಂಥದು?"

"ಒಳ್ಳೆಯ ಪದ್ಧತಿ," ಎಂದಳು ತೂವಾ. "ಇಲ್ಲಿ ನಡೆಯುವುದಿಲ್ಲ. ಇಲ್ಲಿ ಬೀಗ ಬೇಕು." ಎಂದು ಗೋಡೆಯತ್ತ ಬೆರಳು ಮಾಡಿದಳು.

ಗೋಡೆಯ ಮೇಲೆ ಒಂದು ಫಲಕವಿತ್ತು. ಮೇಲಿಂದ ಕೆಳಗೆ ತಿಂಗಳ ತಾರೀಖುಗಳು, ಎಡದಿಂದ ಬಲಕ್ಕೆ ದಿನದ ಐದು ಪಾಳಿಗಳು, ಪ್ರತಿಯೊಂದಕ್ಕೂ ಒಂದೊಂದು ತೂತು. ಕೆಲವು ತೂತುಗಳಲ್ಲಿ ಹೆಬ್ಬೆರಳು ಗಾತ್ರದ ಹಿತ್ತಾಳೆಯ ಗುಂಡು ಬೀಗಗಳು ಕೂತಿದ್ದವು. ಬೀಗದ ಮುಖದ ಮೇಲೆ ಕೋಣೆಯ ನಂಬರು. ಆ ಭಾನುವಾರದ ಹತ್ತರಿಂದ ಒಂದರವರೆಗಿನ ತೂತಿನಲ್ಲಿ 214. ಮೃತ್ಯುಂಜಯನು ಈ ಫಲಕವನ್ನು ನಾಲ್ಕು ವಾರವೂ ನೋಡಿದ್ದನು. ವಾಚ್‌ಮನ್ನನು ಬೀಗಗಳನ್ನು ತೂಗುಹಾಕುವ ಜಾಗವೆಂದು ತಿಳಿದಿದ್ದನು. ಆ ಕಟ್ಟಡಕ್ಕೆ ವಾಚ್‌ಮನ್ ಇರಲಿಲ್ಲ.

"ಬಂದ ದಿನ ರೂಮಿನ ಕೀಲಿ ಜೋಡಿ ಇಂಥಾದ್ದೊಂದು ಕೊಟ್ಟಾರಲ್ಲೋ ನಿನಗ?" ಇರ್ಫಾನ್ ಮೆಲ್ಲಗೆ ಕೇಳಿದನು. "ಎಲ್ಲೈತಿ ಅದು?"

ಮೃತ್ಯುಂಜಯನು ನೆಲ ನೋಡಿದನು.

"ಅಡಗೀಮನ್ಯಾಗ."

"ಅಡಗೀಮನ್ಯಾಗ ಯಾಕ?"

"ಬಳ್ಳೊಳ್ಳಿ ಜಜ್ಜಾಕ." ಅವನು ತಡೆದು ಹೇಳಿದನು. "ಭಾರೀ ಚೊಲೋ ಜಜ್ಜತೈತಿ. ಎಲ್ಲಾರಿಗೂ ಒಂದೊಂದು ಕೊಟ್ಟಾರ ಅಂತ ತಿಳಕೊಂಡಿದ್ದೆ."

ಇರ್ಫಾನನ ಬಾಯಲ್ಲಿದ್ದ ಚಹಾ ಒಂದನೇ ಯಂತ್ರದ ಮುಖದ ಮೇಲೆ ಬಿತ್ತು. ಅವನು ಅದನ್ನು ತೋಳಿನಿಂದ ಒರೆಸುತ್ತ, ನಗುತ್ತ, ತೂವಾಳಿಗೆ ಇಂಗ್ಲಿಷಿನಲ್ಲಿ ವಿಷಯ ಹೇಳಿಬಿಟ್ಟನು. ಅವಳು ನಗಲಿಲ್ಲ. ಫಲಕದ ಬಳಿ ಹೋಗಿ ತನ್ನ ಬೀಗವನ್ನು ಕೀಲಿ ಹಾಕಿ ತೆಗೆದು, ಅಂಗೈಯಲ್ಲಿ ತೂಗಿ ನೋಡಿ, ಸಾಧ್ಯ ಎಂಬಂತೆ ಒಮ್ಮೆ ತಲೆಯಾಡಿಸಿ, ಮತ್ತೆ ಅಲ್ಲೇ ಸಿಕ್ಕಿಸಿದಳು.

ಈಗ ಸ್ಥಿತಿ ಹೀಗಿತ್ತು. ಒಂದು ಗಂಟೆಯವರೆಗೆ ಎರಡೂ ಯಂತ್ರಗಳು ನ್ಯಾಯವಾಗಿ 214ರವು. ಮುಂದಿನ ಖಾಲಿ ತೂತು ಬುಧವಾರ ಬೆಳಿಗ್ಗೆ ಏಳಕ್ಕೆ. ಸೋಮವಾರ ಬುಧವಾರಕ್ಕಿಂತ ಎರಡು ದಿನ ಮೊದಲು ಬರುತ್ತದೆ. ಪಾಳಿ ಹಿಡಿದವರು ಅರ್ಧ ಗಂಟೆಯೊಳಗೆ ಯಂತ್ರ ಚಾಲೂ ಮಾಡದಿದ್ದರೆ ಅದು ಬಂದವರ ಪಾಲಾಗುತ್ತದೆಂಬ ಒಂದು ನಿಯಮವೂ ಗೋಡೆಯ ಮೇಲಿತ್ತು. ಆದರೆ ತೂವಾ ಹತ್ತಕ್ಕೆ ಎರಡು ನಿಮಿಷ ಮೊದಲೇ ಬಂದವಳು. ಅವಳಿಂದ ಅರ್ಧ ಗಂಟೆಯ ತಡವನ್ನು ನಿರೀಕ್ಷಿಸುವುದು ಬಂಡೆಯಿಂದ ಬೆವರನ್ನು ನಿರೀಕ್ಷಿಸಿದಂತೆ.

ಸಾಮ್ರಾಜ್ಯಗಳು ಇಂಥ ಕ್ಷಣಗಳಲ್ಲಿ ತಲೆಬಾಗುತ್ತವೆ. ನಿರ್ವಸ್ತ್ರಪ್ರಾಯನೂ ನಿರಾಯುಧನೂ ನಿರ್ಬೀಗನೂ ಆದ ಬ್ಯಾಡಗಿಯ ವೀರನು ಅಭಿಮಾನವನ್ನು ನುಂಗಿ, ಗಂಟಿನ ತುದಿಯಿಂದ ಬಿಳಿ ಅಂಗಿಯನ್ನು ಎಳೆದು, ಸಾರಿನ ಕಲೆಯನ್ನು ತೋರಿಸಿದನು.

"ನಾಳೆ ಒಂಬತ್ತಕ್ಕೆ ಇದನ್ನು ಹಾಕಿಕೊಂಡು ಕ್ಲಾಸಿನಲ್ಲಿ ಮಾತಾಡಬೇಕು. ಒಗೆದ ಬಟ್ಟೆ ಒಂದೂ ಇಲ್ಲ. ನನ್ನ ಪಕ್ಕ ಯಾರೂ ಕೂರುತ್ತಿಲ್ಲ. ಒಂದು ಯಂತ್ರ ಕೊಡುತ್ತೀಯಾ?"

ತೂವಾ ತುಟಿಗಳನ್ನು ಚೂಪು ಮಾಡಿ, ಚುಚ್ಚಿಸಿಕೊಂಡವಳಂತೆ "ಶ್ಶುಪ್" ಎಂದು ಉಸಿರನ್ನು ಒಳಗೆಳೆದಳು. ಮೃತ್ಯುಂಜಯನು ಒಂದು ಹೆಜ್ಜೆ ಹಿಂದೆ ಸರಿದನು.

"ಹೆದರಬ್ಯಾಡಲೇ," ಎಂದನು ಇರ್ಫಾನ್. "ಈ ಕಡೆ ಮಂದಿ ಹೂಂ ಅನ್ನೂದs ಹಂಗ. ತಗೋ ಅಂದ್ಲು. ಮತ್ತ ಪಕ್ಕದ ಕುರ್ಚಿದು ಬಿಡು. ಇಲ್ಲಿ ಯಾರ ಪಕ್ಕನೂ ಯಾರೂ ಕೂಡಂಗಿಲ್ಲ. ನನ್ನ ಪಕ್ಕ ಫೆಬ್ರುವರಿತನಕ ಯಾರೂ ಕೂತಿದ್ದಿಲ್ಲ, ನಾ ದಿನಾ ಸೆಂಟ್ ಹೊಡಕೊಂಡು ಹೊಕ್ಕಿದ್ದೆ."

ಹೀಗೆ, ಒಂದು ಹನಿ ನೆತ್ತರೂ ಚೆಲ್ಲದೆ, ಹತ್ತು ಗಂಟೆ ಒಂಬತ್ತು ನಿಮಿಷಕ್ಕೆ ಎರಡನೇ ಯಂತ್ರವು ಕೈಬದಲಾಯಿತು. ಮೃತ್ಯುಂಜಯನು ಅದರ ವೃತ್ತದ್ವಾರವನ್ನು ತೆರೆದನು. ಮೊದಲು, ಸೆರೆಯಿಂದ ಬಿಡಿಸಿ ತಂದ ನಾಲ್ಕು ಟವೆಲ್‌ಗಳನ್ನು ಒಳಗಿಟ್ಟನು. ಪೆಟ್ಟಿಗೆಯ ಒಂಟಿ ಕಾಲುಚೀಲಗಳ ಸಂಗಡವಿದ್ದ ಅವನ್ನು ತೊಳೆದೇ ಮನೆಗೆ ಒಯ್ಯಬೇಕೆಂಬುದು ಅವನ ವಿಚಾರ. ಅವುಗಳ ಮೇಲೆ ಪ್ಯಾಂಟುಗಳು, ಅಂಗಿಗಳು, ಹೆಸರಿಲ್ಲದವು. ಎಲ್ಲದರ ಮೇಲೆ, ಪಟ್ಟಾಭಿಷೇಕದಂತೆ, ಬಿಳಿ ಅಂಗಿ. ನಲವತ್ತು ಡಿಗ್ರಿ ಒತ್ತಿದನು.

"ನಲವತ್ತಾ?" ಎಂದಳು ತೂವಾ. ಅವಳ ಯಂತ್ರದಲ್ಲಿ ಹಾಸಿಗೆ ಹೊದಿಕೆಗಳು ಅರವತ್ತಕ್ಕೆ ಸಿದ್ಧವಾಗಿದ್ದವು. "ಇದನ್ನೂ ನಿನ್ನದರಲ್ಲಿ ಹಾಕಬಹುದಾ? ಇದಕ್ಕೆ ಅರವತ್ತು ಆಗುವುದಿಲ್ಲ."

ಅವಳು ಉದ್ದನೆಯ ಚೀಲದಿಂದ ಹಾಲಿನಂತೆ ಬೆಳ್ಳಗಿದ್ದ ದಪ್ಪ ಕವಚವೊಂದನ್ನು ತೆಗೆದಳು. ಅದರ ಹಿಂದೆ ಒಂದು ಲೋಹದ ಜಾಲರಿಯ ಮುಖವಾಡವೂ, ನಿಜವಾದ ಒಂದು ಖಡ್ಗವೂ ಇಣುಕಿದವು. ತೂವಾ ಲಿಂಡ್‌ಕ್ವಿಸ್ಟ್ ಆ ಊರಿನ ಕತ್ತಿವರಸೆ ಕ್ಲಬ್ಬಿನ ಸದಸ್ಯೆ. ಮಂಗಳವಾರ ಮಂಗಳವಾರ ಪಂದ್ಯ. ಈ ಕಥೆಯಲ್ಲಿ ಯುದ್ಧ ಬಲ್ಲವರು ಅವಳೊಬ್ಬಳೇ ಎಂಬ ಸಂಗತಿ ಮೃತ್ಯುಂಜಯನಿಗೆ ತಿಳಿದದ್ದು ಆಗ. ಅವನು ಗರ್ಜಿಸದೆ ಉಳಿದದ್ದಕ್ಕೆ ಕುಲದೇವರಿಗೆ ಮನದಲ್ಲೇ ವಂದಿಸಿ, ಎರಡೂ ಕೈಗಳಿಂದ ಕವಚವನ್ನು ಸ್ವೀಕರಿಸಿ, ಅಂಗಿಯ ಪಕ್ಕದಲ್ಲಿರಿಸಿ ಬಾಗಿಲು ಮುಚ್ಚಿದನು. ಸಂಧಿ ಏರ್ಪಟ್ಟಿತು. ಬಿಳಿಯದರ ಜೊತೆ ಕೆಂಪನ್ನು ಯಾರೂ ಹಾಕುವುದಿಲ್ಲವೆಂದು ನಂಬಿದ ನಾಡಿನವಳು ತೂವಾ. ಅವಳು ಒಳಗೆ ಬಗ್ಗಿ ನೋಡಲಿಲ್ಲ.

ಐವತ್ತನಾಲ್ಕು ನಿಮಿಷ ಮೂವರೂ ಬೆಂಚಿನ ಮೇಲೆ ಕೂತರು. ನಡುವೆ ಒಬ್ಬೊಬ್ಬರು ಕೂರುವಷ್ಟು ಜಾಗ ಬಿಟ್ಟು ತೂವಾ ಕೂತಿದ್ದಳು; ಮೃತ್ಯುಂಜಯನು ಅದನ್ನು ಗಮನಿಸಿ ಸಮಾಧಾನಗೊಂಡನು. ಅವನು ಕಿಟಕಿಗೆ ಟವೆಲ್ ಎಸೆಯುವ ಮಣಿಕಟ್ಟಿನ ತಿರುವನ್ನು ತೋರಿಸಿದನು. ಅವಳು ಕತ್ತಿ ಚುಚ್ಚುವ ಮಣಿಕಟ್ಟಿನ ತಿರುವನ್ನು ತೋರಿಸಿದಳು. ಎರಡೂ ಬಹುತೇಕ ಒಂದೇ ಎಂದು ಇರ್ಫಾನ್ ತೀರ್ಪು ಕೊಟ್ಟನು.

ಯಂತ್ರ ಮೂರು ಸಲ ಕೂಗಿ ನಿಂತಿತು. ಬಾಗಿಲು ತೆರೆಯಿತು.

ಉದಯಕಾಲದ ಪೂರ್ವದಿಗಂತವನ್ನು ವರ್ಣಿಸಲು ಇರುವ ಎಲ್ಲ ವಿಶೇಷಣಗಳೂ ಇಲ್ಲಿ ಸಲ್ಲುತ್ತವೆ. ಅರುಣರಾಗರಂಜಿತ, ದಾಡಿಮಕುಸುಮಸನ್ನಿಭ, ನವಪಲ್ಲವಪಾಟಲ. ಸಾದಾ ಮಾತಿನಲ್ಲಿ, ಅಂಗಿ ಗುಲಾಬಿ. ಬನಿಯನ್‌ಗಳು ಗುಲಾಬಿ. ಕತ್ತಿವರಸೆಯ ಕವಚವೂ ಗುಲಾಬಿ, ಎಡ ತೋಳು ಸ್ವಲ್ಪ ಹೆಚ್ಚು. ಸಾರಿನ ಕಲೆ ಮಾತ್ರ ಹೋಗಿತ್ತು.

"ಯಾ ಅಲ್ಲಾ," ಎಂದನು ಇರ್ಫಾನ್.

"ಅವ್ವ ಹೇಳಿದ್ಲು," ಎಂದನು ಮೃತ್ಯುಂಜಯ. ಆ ಖಡ್ಗವು ತೂವಾಳ ಕೈಯಳತೆಯಲ್ಲೇ ಇತ್ತು.

ತೂವಾ ಕವಚವನ್ನು ದೀಪದ ಕೆಳಗೆ ಎತ್ತಿ ಹಿಡಿದು ಹನ್ನೊಂದು ಸೆಕೆಂಡು ನೋಡಿದಳು.

"ಇದು ಗುಲಾಬಿ," ಎಂದಳು.

"ಹೌದು. ತಪ್ಪು ನನ್ನದು. ದಯವಿಟ್ಟು ಕ್ಷಮಿಸು."

"ನಿನ್ನ ಅಂಗಿಯೂ ಗುಲಾಬಿ."

"ಹೌದು."

"ನಾಳೆ ಅದನ್ನೇ ಹಾಕಿಕೊಳ್ಳುತ್ತೀಯಾ?"

ಮೃತ್ಯುಂಜಯನಿಗೆ ಕತ್ತಿ ಚುಚ್ಚುವ ಆ ಮಣಿಕಟ್ಟಿನ ತಿರುವು ನೆನಪಾಯಿತು. ಆಮೇಲೆ, ಯಾರೂ ಹೇಳಿಕೊಡದೆ, ತುಟಿಗಳನ್ನು ಚೂಪು ಮಾಡಿ "ಶ್ಶುಪ್" ಎಂದು ಉಸಿರನ್ನು ಒಳಗೆಳೆದನು.

"ಹಾಗಾದರೆ ನಾನೂ ಹಾಕಿಕೊಳ್ಳುತ್ತೇನೆ," ಎಂದಳು ತೂವಾ. ಕವಚವನ್ನು ಬಿಸಿಗಾಳಿಯ ಕಪಾಟಿನಲ್ಲಿ ನೇತುಹಾಕಿ, ಯಂತ್ರದ ಸೋಸುಜಾಲರಿಯನ್ನು ಬಿಚ್ಚಿ ಅವನ ಕೈಗೆ ಕೊಟ್ಟಳು. "ಇದನ್ನು ಪ್ರತಿ ಸಲ ತೊಳೆಯಬೇಕು." ಜಾಲರಿಯ ತುಂಬ ಕೆಂಪು ದಾರದ ಎಳೆಗಳಿದ್ದವು.

ಸೋಮವಾರ ಒಂಬತ್ತಕ್ಕೆ ಮೃತ್ಯುಂಜಯ ಸಂಕನಗೌಡ್ರ ಗುಲಾಬಿ ಅಂಗಿಯಲ್ಲಿ ಜೌಗು ಮಣ್ಣಿನ ಬಗ್ಗೆ ಹದಿನಾಲ್ಕು ನಿಮಿಷ ಮಾತಾಡಿದನು. ಪ್ರಶ್ನೆಗಳು ಎರಡು, ಎರಡೂ ಮಣ್ಣಿನ ಬಗ್ಗೆ. ಅವನ ಎರಡೂ ಪಕ್ಕದ ಕುರ್ಚಿಗಳು ಎಂದಿನಂತೆ ಖಾಲಿಯಿದ್ದವು. ಮಂಗಳವಾರ ಸಂಜೆ ತೂವಾ ಗುಲಾಬಿ ಕವಚದಲ್ಲಿ ಮೂರು ಪಂದ್ಯ ಗೆದ್ದು ಒಂದನ್ನು ಸೋತಳು.

ಬುಧವಾರ ಬೆಳಿಗ್ಗೆ ಏಳರ ತೂತಿನಲ್ಲಿ 307ರ ಬೀಗವಿತ್ತು. ಗುರುವಾರ ಫಲಕದ ಕೆಳಗೆ ಸಹಿಯಿಲ್ಲದ ಒಂದು ಹೊಸ ಚೀಟಿ ಕಾಣಿಸಿಕೊಂಡಿತು: ಫಲಕಕ್ಕೆ ಬೆಳ್ಳುಳ್ಳಿ ವಾಸನೆ ಹಿಡಿದಿದೆ, ಸಂಬಂಧಪಟ್ಟವರು ಗಮನಿಸಬೇಕಾಗಿ ವಿನಂತಿ. ಮೃತ್ಯುಂಜಯನು ಬೀಗವನ್ನು ಪಾತ್ರೆಯ ಸೋಪಿನಲ್ಲಿ ಎರಡು ಸಲ ತೊಳೆದು, ಮುಂದಿನ ಭಾನುವಾರದ ಒಂದು ಗಂಟೆಯ ತೂತಿಗೆ ಸಿಕ್ಕಿಸಿದನು.